ಮತ್ತೊಮ್ಮೆ ಹೇಳು, ಸುರೇಖಾ

ಮಸೂತಿ
12-7-1996

ಅಣ್ಣಾ,

ನಮಸ್ಕಾರ. ಅವ್ವನ ಮೊಣಕಾಲು ಹೇಗಿದೆ? ಸುಮಿತ್ರಾಬಾಯಿ ದಿನವೂ ಕೇಳುತ್ತಾರೆ. ಅವರ ಮುಂಗೋಣೆಯಲ್ಲಿ ನಾನು ಬಾಡಿಗೆಗಿದ್ದು ಎರಡು ವರ್ಷವಾಗುತ್ತ ಬಂದರೂ ನಮ್ಮ ಶಾಲೆಯಲ್ಲಿ ಕನ್ನಡ ಕಲಿಸುವ ಇವರು ನನ್ನನ್ನು ಊಟಕ್ಕೆ ಕರೆಯುವುದನ್ನು ಬಿಟ್ಟಿಲ್ಲ. ನೌಕರಿ ಹೋದರೆ ನನಗೆ ಮೊದಲು ನೆನಪಾಗುವುದು ಇವರ ಪುಂಡಿಪಲ್ಲೆಯೇ.

ನಗಬೇಡ. ನೌಕರಿಯ ಮಾತು ನಿಜಕ್ಕೂ ಬಂದಿದೆ. ಆಗಸ್ಟ್ ಇಪ್ಪತ್ತೆರಡಕ್ಕೆ ಇಂಗ್ಲಿಷ್ ಪರಿವೀಕ್ಷಕರು ಬಂದು ನನ್ನ ಪಾಠ ನೋಡುತ್ತಾರೆ. ಅವರು ಚಲೋ ಬರೆದರೆ ನಾನು ಕಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಇಂಡಿಗೆ. ಪಾಠವನ್ನೂ ಅವರೇ ಆರಿಸಿದ್ದಾರೆ: ಇಂಟರ್ಜೆಕ್ಷನ್. ಸಂತೋಷ, ದುಃಖ, ನೋವು, ಬೆರಗು ಬಾಯಿಗೆ ಬಂದಾಗ ತಾನಾಗಿ ಹೊರಬೀಳುವ ಶಬ್ದ. ವ್ಯಾಕರಣದಲ್ಲಿ ಇದಕ್ಕಿಂತ ಸರಳವಾದದ್ದು ಇಲ್ಲ ಅಂದುಕೊಂಡಿದ್ದೆ.

ಆದರೆ ಈ ವರ್ಷ ಬಂದ ಎಂಟನೆಯ ವರ್ಗದ ಮಕ್ಕಳು ಬಾಯಿಯನ್ನೇ ತೆರೆಯುವುದಿಲ್ಲ. ನಿನ್ನೆ ಸುರೇಖಾ ಎಂಬ ಹುಡುಗಿಯನ್ನು ಕೇಳಿದೆ, "ಕಾಲಿಗೆ ಮುಳ್ಳು ಚುಚ್ಚಿದರೆ ಏನಂತೀ?" ಕುರಿ ಕಾಯುವ ಮಾಳಿಂಗಪ್ಪನ ಮಗಳು, ಅವರ ಮನೆತನದಲ್ಲಿ ಹೈಸ್ಕೂಲು ಕಂಡ ಮೊದಲನೆಯವಳು. ನೆಲ ನೋಡುತ್ತ ಹೇಳಿದಳು, "ಏನೂ ಅನ್ನಂಗಿಲ್ರಿ, ಮುಳ್ಳು ತಗೀತೇನ್ರಿ." ಇಂಥವರಿಗೆ ಉದ್ಗಾರ ಕಲಿಸುವುದು ಹೇಗೆ? ದಾರಿ ತೋರಿಸು.

ನಿನ್ನ ತಂಗಿ
ಭುವನೇಶ್ವರಿ


ಇಂಡಿ
17-7-1996

ಚಿ. ಭುವನೇಶ್ವರಿಗೆ ಅಣ್ಣನ ಆಶೀರ್ವಾದ.

ಅವ್ವ ಆರಾಮ. ಮೊಣಕಾಲು ಮಾತ್ರ ಮೋಡ ಕಟ್ಟಿದಾಗ ನಮಗಿಂತ ಮೊದಲು ಸುದ್ದಿ ಹೇಳುತ್ತದೆ.

ನಿನ್ನ ಪತ್ರ ಓದಿ ಸಿಟ್ಟು ಬಂತು. ನಿಮ್ಮ ಸಂಸ್ಥೆಯವರ ಮುಂದೆ "ನನ್ನ ತಂಗಿಗಿಂತ ಚಲೋ ಇಂಗ್ಲಿಷ್ ಕಲಿಸೋರು ಈ ಜಿಲ್ಲೇದಾಗ ಸಿಗಂಗಿಲ್ರಿ" ಎಂದವನು ನಾನು. ಈಗ ಆ ತಂಗಿ ಎಂಟನೆಯ ವರ್ಗದ ಮುಂದೆ ಕೈ ಚೆಲ್ಲಿ ಕೂತರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ವ್ಯಾಖ್ಯೆ ಬಾಯಿಪಾಠ ಮಾಡಿಸಬೇಡ. ಉದ್ಗಾರವೆಂದರೆ ವಾಕ್ಯದ ಉಳಿದ ಪದಗಳ ಜೊತೆ ಸಂಬಂಧವಿಲ್ಲದೆ ಒಂಟಿಯಾಗಿ ನಿಲ್ಲುವ ಶಬ್ದ, ಅದು ಅಭ್ಯಾಸದಿಂದಲೇ ಬರಬೇಕು. ಇಲ್ಲಿ ನನ್ನ ವರ್ಗದಲ್ಲಿ ನಾನು ಮಾಡುವುದನ್ನು ಹೇಳುತ್ತೇನೆ. ನಿನ್ನ ವರ್ಗದ ಹೊಸ್ತಿಲು ದಾಟಿದ ಮೇಲೆ ಯವ್ವಾ, ಅಯ್ಯಯ್ಯ, ಅಬಬಬ ಒಂದೂ ಕೂಡದು. ನೋವಾದರೆ ಔಚ್. ಗೆದ್ದರೆ ಹುರ್ರಾ. ದುಃಖವಾದರೆ ಅಲಾಸ್. ಯಾರಾದರೂ ಚಲೋ ಹೇಳಿದರೆ ಬ್ರಾವೋ ಎಂದು ಚಪ್ಪಾಳೆ. ಕನ್ನಡ ಬಾಯಿಗೆ ಬಂದವರು ತಾಸು ಮುಗಿಯುವ ತನಕ ನಿಂತೇ ಇರಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ತಿಂಗಳೊಪ್ಪತ್ತಿನಲ್ಲಿ ಅವರ ನೋವೂ ಇಂಗ್ಲಿಷಿನಲ್ಲೇ ಹೊರಬರುತ್ತದೆ. ನನ್ನ ಮಾತು ಸುಳ್ಳಾದರೆ ಕೇಳು.

ಕಲ್ಮೇಶ


ಮಸೂತಿ
4-8-1996

ಅಣ್ಣಾ,

ನಿನ್ನ ಮಾತು ಸುಳ್ಳಾಗಲಿಲ್ಲ! ಮೊದಲ ವಾರ ಅರ್ಧ ವರ್ಗ ನಿಂತೇ ಇತ್ತು. ಈಗ ಪುಸ್ತಕ ಬಿದ್ದರೆ ಓಹ್, ಮೊಣಕೈ ಗೋಡೆಗೆ ತಾಗಿದರೆ ಔಚ್. ಹೊಸ ಕೋಣೆ ಇನ್ನೂ ಮುಗಿದಿಲ್ಲವೆಂದು ನಮ್ಮನ್ನು ಹಳೆಯ ಮಣ್ಣಿನ ಗೋಡೆಯ ಕೋಣೆಗೆ ಹಾಕಿದ್ದಾರೆ. ನೆಲದ ಮೇಲೆ ಜಮಖಾನೆ, ಗೋಡೆಯಲ್ಲಿ ಕೈ ಹೋಗುವಷ್ಟು ಬಿರುಕು. ಆ ಕೋಣೆಯಿಂದ ಈಗ ಹುರ್ರಾ ಕೇಳಿ ಹಾದಿಹೋಕರು ನಿಂತು ನೋಡುತ್ತಾರೆ.

ಎಲ್ಲರಿಗಿಂತ ಮುಂದೆ ಇರುವವಳು ಆ ಸುರೇಖಾನೇ. ಮೊನ್ನೆ ಅವಳ ಅವ್ವ ಶಂಕ್ರೆವ್ವ ಶಾಲೆಗೆ ಬಂದಿದ್ದಳು. "ಅಕ್ಕಾರ, ರೊಟ್ಟಿ ಬಡಿಯೂ ಮುಂದ ಹಂಚಿಗಿ ಕೈ ಹತ್ತಿದ್ರ ಔಚ್ ಅಂತಾಳ್ರಿ. ಹುಡುಗಿಗಿ ಏನರ ಬಡಕೊಂಡೈತೇನ್ರಿ?" ಎಂದು ಕೇಳಿದಳು. ಅದು ದೆವ್ವವಲ್ಲ, ಇಂಗ್ಲಿಷು ಎಂದೆ. "ಹಂಗಾರ ಇರ್ಲಿ ಬಿಡ್ರಿ" ಎಂದು ನಗುತ್ತ ಹೋದಳು. ನಾವೂ ಬಹಳ ನಕ್ಕೆವು.

ಸುಮಿತ್ರಾಬಾಯಿ ಮಾತ್ರ ನಗಲಿಲ್ಲ. "ಹಾಡು ಕಲಸ್ರಿ, ಲೆಕ್ಕ ಕಲಸ್ರಿ. ಚೀರೂದನ್ನೂ ಕಲಸಬೇಕೇನ್ರಿ?" ಅಂದರು. ಕನ್ನಡದವರಲ್ಲವೇ, ಹೊಟ್ಟೆಕಿಚ್ಚು ಇದ್ದೀತು.

ಒಂದೇ ಹೆದರಿಕೆ. ಸಾಹೇಬರ ಮುಂದೆ ಗಾಬರಿಯಾಗಿ ಯಾರಾದರೂ ಕನ್ನಡಕ್ಕೆ ಇಳಿದುಬಿಟ್ಟರೆ?

ಭುವಿ


ಇಂಡಿ
10-8-1996

ಭುವಿ,

ಹೆದರಿಕೆಗೆ ಹೆದರಿಕೆಯೇ ಮದ್ದು. ಹಿಂದಿನ ದಿನ ಮಕ್ಕಳಿಗೆ ನೇರವಾಗಿ ಹೇಳಿಬಿಡು: "ನಾಳೆ ನಿಮ್ಮ ಬಾಯಿಂದ ಒಂದು ಕನ್ನಡ ಶಬ್ದ ಬಂದರೂ ನಿಮ್ಮ ಅಕ್ಕಾರ ನೌಕರಿ ಹೋಯಿತು." ನಿನ್ನ ಮೇಲೆ ಪ್ರೀತಿ ಇದ್ದವರು ನಾಲಗೆ ಕಚ್ಚಿಕೊಂಡಾದರೂ ಸುಮ್ಮನಿರುತ್ತಾರೆ. ಸುರೇಖಾಳನ್ನು ಗೋಡೆಯ ಬದಿಗೆ, ಸಾಹೇಬರ ಕಣ್ಣಿಗೆ ಬೀಳುವಂತೆ ಕೂಡಿಸು. ಯಾರಾದರೂ ಚಲೋ ಹೇಳಿದರೆ ಅಲ್ಲಿಗೇ ಬಿಡಬೇಡ. ಮತ್ತೊಮ್ಮೆ ಹೇಳಿಸು. ಒಮ್ಮೆ ಬಂದದ್ದು ಅದೃಷ್ಟ, ಎರಡು ಸಲ ಬಂದದ್ದು ಕಲಿಕೆ.

ಕಲ್ಮೇಶ


ಮಸೂತಿ
22-8-1996, ಸಂಜೆ

ಅಣ್ಣಾ, ಹುರ್ರಾ!

ಸಾಹೇಬರು ಈಗಷ್ಟೇ ಹೋದರು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಮಧ್ಯಾಹ್ನದ ರಜೆ ಮುಗಿದ ಮೇಲೆ ಬಂದರು. ಮುಖ ಗಂಟು. ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಮಕ್ಕಳು ಹೇಳಿದರು, ಆದರೆ ಗಿಳಿಪಾಠದ ಹಾಗೆ. ಸಾಹೇಬರು ಗಡಿಯಾರ ನೋಡತೊಡಗಿದರು. ಆಗ ಗೋಡೆಯ ಬದಿಯಿಂದ ಸುರೇಖಾ ಧಡಕ್ಕನೆ ಎದ್ದು "ಔಚ್!" ಎಂದಳು. ನಾನು ಪ್ರಶ್ನೆ ಕೇಳಿರಲೇ ಇಲ್ಲ, ಅಣ್ಣಾ. ತಾನಾಗಿಯೇ! ಎಂಥ ದನಿ ಗೊತ್ತೇ? ಸಾಹೇಬರು ಕುರ್ಚಿಯಿಂದ ಮುಂದೆ ಬಾಗಿದರು. ನಿನ್ನ ಮಾತು ನೆನಪಾಗಿ, "ಚಲೋ ಹೇಳಿದಿ. ಮತ್ತೊಮ್ಮೆ ಹೇಳು, ಸುರೇಖಾ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮತ್ತೊಮ್ಮೆ ಹೇಳಿದಳು. ಮೂರನೆಯ ಸಲ "ಅಲಾಸ್!" ಅನ್ನುವಾಗ ಕಣ್ಣಲ್ಲಿ ನೀರೇ ಬಂತು. ಸಾಹೇಬರು ತಾವೇ ಚಪ್ಪಾಳೆ ತಟ್ಟಿದರು. ವರ್ಗವೆಲ್ಲ ಬ್ರಾವೋ ಎಂದಿತು.

"ಇಷ್ಟು ಸಹಜವಾದ ಉದ್ಗಾರವನ್ನು ಹಳ್ಳಿಯ ಶಾಲೆಯಲ್ಲಿ ನಾನು ಕೇಳಿಲ್ಲ" ಎಂದು ಬರೆದು ಸಹಿ ಹಾಕಿದ್ದಾರೆ. ನಾನು ಕಾಯಂ ಆದಂತೆಯೇ.

ಪಾಠ ಮುಗಿಯುವ ಹೊತ್ತಿಗೆ ಹುಡುಗಿ ಬೆವತು ಹೋಗಿದ್ದಳು. ಪಾಪ, ಅಂಜಿದ್ದಳು. ಗಂಟೆ ಹೊಡೆದ ಕೂಡಲೇ ಕುಂಟುತ್ತ ಹೊರಟಳು, ಕಾಲು ಜೋಮು ಹಿಡಿದಿರಬೇಕು. ನಾಳೆ ಅವಳಿಗೊಂದು ಒಳ್ಳೆಯ ಪೆನ್ನು ಕೊಡುತ್ತೇನೆ.

ಭುವಿ


ಮಸೂತಿ
24-8-1996
(ಕಾರ್ಡು)

ಅಣ್ಣಾ,

ಸುರೇಖಾಳಿಗೆ ಶಾಲೆಯಿಂದ ಹೋಗುವ ದಾರಿಯಲ್ಲಿ ಕೆಂಪು ಚೇಳು ಕಡಿದಿದೆ ಎನ್ನುತ್ತಾರೆ. ಬಾಗೇವಾಡಿಗೆ ಒಯ್ದು, ಅಲ್ಲಿಂದ ವಿಜಾಪುರದ ದವಾಖಾನೆಗೆ ಒಯ್ದಿದ್ದಾರೆ. ಸ್ಥಿತಿ ಚಲೋ ಇಲ್ಲ. ಗುರುವಾರದ ನನ್ನ ಪತ್ರವನ್ನು ಯಾರಿಗೂ ತೋರಿಸಬೇಡ.

ಭು.


ಇಂಡಿ
25-8-1996

ಭುವಿ,

ಬ್ರಾವೋ! ನಿನ್ನ ಪತ್ರವನ್ನು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನಿಂತು ಓದಿದೆ. ಎಲ್ಲರಿಗೂ ಪೇಢೆ ಹಂಚಿದೆ. ಆ ಹುಡುಗಿ ನಾಟಕ ಕಂಪನಿಗೆ ಹೋದರೆ ಹೆಸರು ಮಾಡುತ್ತಾಳೆ! ನೀನು ಮತ್ತೊಮ್ಮೆ ಹೇಳಿಸಿದೆಯಲ್ಲ, ಅದರಲ್ಲಿದೆ ಜಾಣತನ. ಅವ್ವ ದೇವರಿಗೆ ಕಾಯಿ ಒಡೆಸಿದಳು. ಇನ್ನು ನಿನ್ನ ಮದುವೆಯ ಮಾತು ಎತ್ತಲು ಅಡ್ಡಿಯಿಲ್ಲ ಎನ್ನುತ್ತಾಳೆ, ತಯಾರಾಗಿರು.

ತಾ. ಕ. (27ನೇ ತಾರೀಖು): ಇದನ್ನು ಅಂಚೆಗೆ ಹಾಕಬೇಕು ಅನ್ನುವಾಗ ನಿನ್ನ ಕಾರ್ಡು ಬಂತು. ಪಾಪ. ಈ ಕುರುಬರ ಹಣೆಬರಹವೇ ಇಷ್ಟು, ಚೇಳು ಕಡಿದರೆ ಮಂತ್ರ ಹಾಕಿಸುತ್ತ ಕೂಡುತ್ತಾರೆ. ಅಪ್ಪ ತಡಮಾಡಿರಬೇಕು. ಅದರಲ್ಲಿ ನಿನ್ನದೇನು ತಪ್ಪು? ಪತ್ರವನ್ನು ಏಕೆ ತೋರಿಸಬಾರದು ಎಂಬುದು ತಿಳಿಯಲಿಲ್ಲ.

ಕಲ್ಮೇಶ


ವಿಜಾಪುರ
30-8-1996

ಅಣ್ಣಾ,

ಮೂರು ದಿನದಿಂದ ಇಲ್ಲೇ ದವಾಖಾನೆಯ ವರಾಂಡದಲ್ಲಿದ್ದೇನೆ. ಸುರೇಖಾಳ ಮೂಗಿಗೆ ನಳಿಗೆ ಹಾಕಿದ್ದಾರೆ. ವಿಷ ಹೃದಯಕ್ಕೆ ಪೆಟ್ಟು ಕೊಟ್ಟಿದೆಯಂತೆ. ಉಳಿಯುತ್ತಾಳೆ ಎಂದು ಡಾಕ್ಟರು ಇನ್ನೂ ಹೇಳಿಲ್ಲ.

ಕಾರ್ಡಿನಲ್ಲಿ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಶುಕ್ರವಾರ ಮುಂಜಾನೆ ಅವಳ ಪಕ್ಕ ಕೂಡುವ ರೋಷನಬಿ ಅಳುತ್ತ ನನ್ನ ಹತ್ತಿರ ಬಂದಳು. "ಅಕ್ಕಾರ, ಚೇಳು ದಾರ್ಯಾಗ ಕಡದಿಲ್ರಿ. ಇಲ್ಲೇ ಕಡದೈತ್ರಿ. ಆಕಿ ಔಚ್ ಅಂದಾಗಽ ಅದು ಗ್ವಾಡಿ ಸಂದ್ಯಾಗ ಹೋಗೂದು ನಾನು ನೋಡೀನ್ರಿ." ಮತ್ತೆ ಏಕೆ ಹೇಳಲಿಲ್ಲ ಎಂದು ಜಬರಿಸಿದೆ. "ಕನ್ನಡ ಮಾತಾಡಿದ್ರ ನಿಮ್ಮ ನೌಕರಿ ಹೋಗತೈತಿ ಅಂದಿದ್ರೆಲ್ರಿ. ಚೇಳಿಗಿ ಇಂಗ್ಲಿಷಿನ್ಯಾಗ ಏನಂತಾರ ನಮಗ ಗೊತ್ತಿರಲಿಲ್ರಿ."

ಅದನ್ನು ನಾನು ಕಲಿಸಿರಲಿಲ್ಲ, ಅಣ್ಣಾ. ಕೂಗುವುದನ್ನಷ್ಟೇ ಕಲಿಸಿದ್ದೆ.

ಆ ಹುಡುಗಿ ಉಳಿದ ಪಾಠ ಪೂರ್ತಿ ಕಡಿಸಿಕೊಂಡ ಕಾಲಿನ ಮೇಲೆ ಕೂತಿದ್ದಳು. ಹೊಲದಲ್ಲಿರುವ ತಮ್ಮ ವಸ್ತಿಗೆ ನಡೆದುಕೊಂಡು ಹೋದಳು. ಎಲ್ಲಿ ಕಡಿಯಿತು ಎಂದು ಅವ್ವ ಕೇಳಿದರೆ ದಾರ್ಯಾಗ ಎಂದಳು. ನನ್ನ ನೌಕರಿ ಉಳಿಸಲಿಕ್ಕೆ.

ಇನ್ನೂ ಕೇಳು. ಬೇಗ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಮಾಳಿಂಗಪ್ಪ ಅಂದು ಮಂತ್ರ ಹಾಕಿಸುತ್ತ ಕೂತಿರಲಿಲ್ಲ. ಕುರಿಗಳನ್ನು ದೊಡ್ಡಿಗೆ ಕೂಡಿದ್ದಷ್ಟೇ, ಮಗಳನ್ನು ಹೆಗಲ ಮೇಲೆ ಹೊತ್ತು ಓಡಿದ್ದಾನೆ. ಈಗ ಬಂದವರ ಮುಂದೆಲ್ಲ ಅದನ್ನೇ ಹೇಳುತ್ತಾನೆ. "ಕುರಿ ಕೂಡಿ ಬಂದ್ನಿರಿ. ಅಷ್ಟರಾಗ ತಡಾ ಆತ್ರಿ. ಕುರಿ ಸಲುವಾಗಿ ಮಗಳನ್ನ ಕೊಂದ್ನೇನ್ರಿ ನಾನು?" ಊರವರೂ ಹೌದು ಎನ್ನುತ್ತಾರೆ. ಶಂಕ್ರೆವ್ವ ಗಂಡನ ಜೊತೆ ಮಾತು ಬಿಟ್ಟಿದ್ದಾಳೆ. ಅವನು ಊಟ ಬಿಟ್ಟಿದ್ದಾನೆ. ನನಗೆ ಮಾತ್ರ ದಿನವೂ ಇಬ್ಬರೂ ಕೈ ಮುಗಿಯುತ್ತಾರೆ, ಅಕ್ಕಾರು ಶಾಲೆ ಬಿಟ್ಟು ಬಂದು ಕೂತಿದ್ದಾರೆಂದು.

ದಾರಿಯಲ್ಲೇ ಕಡಿಯಿತು ಅಂತಿರಲಿ ಎಂದು ಹೆಡ್‌ಮಾಸ್ತರರು ಹೇಳಿದ್ದಾರೆ. ರೋಷನಬಿಯ ಬಾಯಿ ಮುಚ್ಚಿಸಿದ್ದಾರೆ. ನಾನೇನು ಮಾಡಲಿ? ಬೇಗ ಬರೆ.

ಭುವಿ


ಇಂಡಿ
3-9-1996

ಭುವಿ,

ನಿನ್ನ ಪತ್ರವನ್ನು ಓದಿ ಸುಟ್ಟೆ. ನೀನೂ ಇಂಥದನ್ನು ಬರೆಯಬೇಡ.

ಸಮಾಧಾನದಿಂದ ಕೇಳು. ಹುಡುಗಿಯೇ ದಾರಿಯಲ್ಲಿ ಎಂದಿದ್ದಾಳೆ. ಹೆಡ್‌ಮಾಸ್ತರರು ಅದನ್ನೇ ಹೇಳುತ್ತಾರೆ. ನೀನು ಬಾಯಿ ಬಿಟ್ಟರೆ ಚೇಳಿನ ವಿಷ ಇಳಿಯುತ್ತದೆಯೇ? ನೌಕರಿ ಹೋಗುತ್ತದೆ, ಅಷ್ಟೇ. ಊರವರು ನಿನ್ನ ಮೇಲೆ ಬೀಳುತ್ತಾರೆ. ನಾಳೆ ನಿನ್ನನ್ನು ನೋಡಲು ಬರುವ ಗಂಡಿನ ಕಡೆಯವರಿಗೆ ನಾನು ಏನು ಹೇಳಲಿ? ನಿನ್ನ ಆ ಹುರ್ರಾ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಿದವನು ನಾನು ಎಂಬುದನ್ನೂ ಮರೆಯಬೇಡ.

ಹುಡುಗಿ ಉಳಿಯುತ್ತಾಳೆ. ಉಳಿದ ಮೇಲೆ ಗಂಡಹೆಂಡಿರ ಸಿಟ್ಟು ತಾನೇ ಇಳಿಯುತ್ತದೆ. ಆಡಿದ ಮಾತು, ಒಡೆದ ಮುತ್ತು ಮರಳಿ ಬರುವುದಿಲ್ಲ. ಮಸೂತಿಗೆ ಹೊರಟುಬಿಡು.

ಕಲ್ಮೇಶ


ವಿಜಾಪುರ
8-9-1996

ಅಣ್ಣಾ,

ಸುರೇಖಾ ಉಳಿದಳು. ನಿನ್ನೆ ಡಾಕ್ಟರು ಹೇಳಿದರು. ಕಾಲು ಎಳೆದು ನಡೆಯುತ್ತಾಳೆ, ಬೇಗ ದಣಿಯುತ್ತಾಳೆ, ಆದರೆ ಉಳಿದಳು.

ನಿನ್ನ ಪತ್ರ ಅದಕ್ಕಿಂತ ಮೊದಲೇ ನನ್ನ ಕೈ ಸೇರಿತ್ತು. ಎರಡು ದಿನ ನೀನು ಹೇಳಿದಂತೆಯೇ ಇದ್ದೆ. ಎಷ್ಟು ಸುಲಭವಾಗಿತ್ತು ಎಂದು ಹೇಳಿದರೆ ನಿನಗೆ ನನ್ನ ಮೇಲೆ ಅಸಹ್ಯವಾದೀತು. ಮೊನ್ನೆ ಮಾಳಿಂಗಪ್ಪ ನನ್ನ ಹತ್ತಿರ ಬಂದು, "ಅಕ್ಕಾರ, ಕುರಿ ಎಲ್ಲಾ ಮಾರಿ ಬಿಡ್ತೇನ್ರಿ. ಅವು ಕಣ್ಣಿಗಿ ಬಿದ್ರ ಸಂಕಟ ಆಗತೈತ್ರಿ" ಎಂದ. ಅಜ್ಜಮುತ್ತಜ್ಜರ ಕಾಲದ ಹಿಂಡು. ನನ್ನಿಂದ ಇನ್ನು ತಡೆಯಲಾಗಲಿಲ್ಲ. ವರಾಂಡದಲ್ಲೇ ಇಬ್ಬರನ್ನೂ ಕೂಡಿಸಿಕೊಂಡು ಹೇಳಿದೆ. ಚೇಳು ನನ್ನ ವರ್ಗದಲ್ಲಿ, ನನ್ನ ಕಣ್ಣ ಮುಂದೆ ಕಡಿಯಿತು ಎಂದೆ.

ಶಂಕ್ರೆವ್ವ ಕೇಳಿದಳು, "ಚೀರಲಿಲ್ಲೇನ್ರಿ ಆಕಿ?"

"ಚೀರಿದಳು."

"ಮತ್ತ ನೀವೇನು ಮಾಡಿದ್ರಿ?"

"ಮತ್ತೊಮ್ಮೆ ಚೀರು ಅಂದೆ. ಚಪ್ಪಾಳೆ ತಟ್ಟಿದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ನಾನು ಮುಂಜಾನೆ ತಂದುಕೊಟ್ಟಿದ್ದ ಊಟದ ಡಬ್ಬಿಯನ್ನು ಎತ್ತಿ ನನ್ನ ಕೈಗೆ ತಿರುಗಿ ಕೊಟ್ಟಳು. ಆಮೇಲೆ ಗಂಡನ ಕಡೆ ತಿರುಗಿ, "ಏಳ್ರಿ, ಹೊರಗ ಹೋಗಿ ನಾಕ ತುತ್ತು ಉಣ್ಣೂಣು" ಎಂದಳು. ಅಷ್ಟು ದಿನದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು ಅದು. ಮಾಳಿಂಗಪ್ಪ ಎದ್ದು ಹೋದ. ನನಗೆ ಕೈ ಮುಗಿಯಲಿಲ್ಲ.

ಸಾಹೇಬರಿಗೂ ಇದ್ದದ್ದನ್ನು ಇದ್ದ ಹಾಗೆ ಬರೆದು ಹಾಕಿದ್ದೇನೆ. ಕನ್ನಡದ ಕೂಗು ಕೂಡದೆಂಬ ನಿಯಮ ನನ್ನದು ಎಂದೇ ಬರೆದೆ, ನಿನ್ನ ಹೆಸರು ತರಲಿಲ್ಲ. ಆದರೆ ಅದು ಯಾರದೆಂದು ನಿನಗೆ ಗೊತ್ತು. ನನಗೆ ನಿನ್ನ ಮೇಲೆ ಸಿಟ್ಟಿದೆ, ಅಣ್ಣಾ. ನಿಯಮಕ್ಕಲ್ಲ. ಅದನ್ನು ನಾನೇ ಒಪ್ಪಿ ತಂದೆ. ಆ ಹುಡುಗಿಯ ಜೀವದ ಮಾತು ಬರೆದಾಗ ನೀನು ಗಂಡಿನ ಕಡೆಯವರ ಮಾತು ಬರೆದೆಯಲ್ಲ, ಅದಕ್ಕೆ.

ಭುವನೇಶ್ವರಿ


ಇಂಡಿ
26-9-1996

ಭುವಿ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿನಿಂದ ಅಂದುಕೊಂಡಿರಬೇಕು. ಮೊದಲ ವಾರ ಸಿಟ್ಟೇ ಇತ್ತು.

ಮೊನ್ನೆ ನನ್ನ ವರ್ಗದಲ್ಲಿ ನಜಮಾ ಎಂಬ ಹುಡುಗಿಯ ಬೆರಳು ಬಾಗಿಲ ಸಂದಿಗೆ ಸಿಕ್ಕಿತು. "ಔಚ್" ಎಂದಳು. ಉಗುರು ಎದ್ದು ರಕ್ತ ಸುರಿಯುತ್ತಿತ್ತು. ವರ್ಗದಲ್ಲಿ ಒಬ್ಬರೂ ಅವಳ ಬೆರಳು ನೋಡಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು, ಸರಿಯಾಗಿ ಹೇಳಿದಳೋ ಇಲ್ಲವೋ ಎಂದು. ಎಷ್ಟೋ ವರ್ಷದಿಂದ ಹೀಗೆಯೇ ನೋಡುತ್ತಿದ್ದರು. ನಾನು ಅದನ್ನು ಶಿಸ್ತು ಅಂದುಕೊಂಡಿದ್ದೆ.

ನಾನೇ ಬೆರಳು ಕಟ್ಟಿದೆ. ಸ್ಟಾಫ್ ರೂಮಿನಲ್ಲಿ ನಿನ್ನ ಪತ್ರದ ಉಳಿದ ಅರ್ಧವನ್ನೂ ಹೇಳಿದೆ. ಪೇಢೆ ತಿಂದವರೆಲ್ಲ ಇದ್ದರು.

ನಿನ್ನ ನೌಕರಿ ಏನಾಯಿತು? ಅವ್ವ ಕೇಳುತ್ತಾಳೆ. ನಾನೂ ಕೇಳುತ್ತೇನೆ. ಹುಡುಗಿ ಹೇಗಿದ್ದಾಳೆ? ಇದನ್ನು ಮೊದಲು ಕೇಳಬೇಕಾಗಿತ್ತು.

ನಿನ್ನ ಅಣ್ಣ


ಮಸೂತಿ
5-10-1996

ಅಣ್ಣಾ,

ನಿನ್ನ ಪತ್ರ ಓದಿ ಬಹಳ ಅತ್ತೆ. ಅತ್ತ ಮೇಲೆ ಹಗುರಾಯಿತು. ಅವ್ವನಿಗೆ ಹೇಳು, ನೌಕರಿ ಹೋಗಿಲ್ಲ. ಕಾಯಂ ಕೂಡ ಆಗಲಿಲ್ಲ. ಸಾಹೇಬರು ತಾವು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ವರ್ಷ ನೋಡೋಣ ಎಂದಿದ್ದಾರೆ. ಚಪ್ಪಾಳೆ ಮೊದಲು ತಟ್ಟಿದವರು ತಾವೇ ಎಂದು ಅದರ ಕೆಳಗೆ ಬರೆದಿದ್ದಾರೆ. ಅಷ್ಟನ್ನು ಬರೆದ ಮನುಷ್ಯನ ಮೇಲೆ ನನಗೆ ದೂರಿಲ್ಲ. ಹೆಡ್‌ಮಾಸ್ತರರು ಮಾತ್ರ ನನ್ನ ಮುಖ ನೋಡುವುದಿಲ್ಲ. ಹಳೆಯ ಕೋಣೆಗೆ ಬೀಗ ಬಿದ್ದಿದೆ, ಈಗ ಬೇವಿನ ಗಿಡದ ಕೆಳಗೆ ಪಾಠ.

ಇಂಟರ್ಜೆಕ್ಷನ್ ಪಾಠವನ್ನು ಬಿಡಲಿಲ್ಲ, ಅದು ಪರೀಕ್ಷೆಗೆ ಬರುತ್ತದೆ. ಅಲಾಸ್ ಪುಸ್ತಕದ ಶಬ್ದ, ಔಚ್ ಬಾಯಿಯ ಶಬ್ದ, ಎರಡರ ಮುಂದೆಯೂ ಉದ್ಗಾರ ಚಿಹ್ನೆ ಹಾಕಿರಿ ಎಂದು ಕರಿಹಲಗೆಯ ಮೇಲೆ ಬರೆದು ಕಲಿಸಿದೆ. ನೋವಾದಾಗ ಏನು ಅನ್ನಬೇಕು ಎಂದು ಕೇಳಲಿಲ್ಲ. ಅದು ನಾನು ಕಲಿಸುವ ವಿಷಯವಲ್ಲ.

ಸುರೇಖಾ ಶಾಲೆಗೆ ಬರುತ್ತಿದ್ದಾಳೆ. ಮೊದಲ ದಿನ ಮಾಳಿಂಗಪ್ಪ ತಾನೇ ಕರೆದುಕೊಂಡು ಬಂದ. ಕುರಿ ಮಾರಲಿಲ್ಲವಂತೆ. ಹೆಡ್‌ಮಾಸ್ತರರ ಮುಂದೆ, ನಾನೂ ಅಲ್ಲಿದ್ದಾಗಲೇ ಹೇಳಿದ, "ಮಗಳು ಸಾಲಿ ಬಿಡಂಗಿಲ್ರಿ. ಖರೆ ಈ ಅಕ್ಕಾರ ತಾಸಿಗಿ ಕೂಡಂಗಿಲ್ಲ. ಚೀರಿದ್ರ ಕೇಳೋರ ಹತ್ರ ಕೂಡ್ತಾಳ್ರಿ." ನಾನು ತಲೆ ತಗ್ಗಿಸಿ ಆಗಲಿ ಎಂದೆ. ಇಂಗ್ಲಿಷ್ ಇಲ್ಲದೆ ಹೇಗೆ ಪಾಸಾಗುತ್ತಾಳೆ ಎಂದು ಹೆಡ್‌ಮಾಸ್ತರರು ಕೇಳಿದರು. ಅದಕ್ಕೆ ಈಗ ಪಾಠವನ್ನು ನಾನು ಬರೆದುಕೊಡುತ್ತೇನೆ, ಸುಮಿತ್ರಾಬಾಯಿ ಅವಳಿಗೆ ಹೇಳಿಕೊಡುತ್ತಾರೆ. ಅವರಿಗೆ ಹೊಟ್ಟೆಕಿಚ್ಚು ಎಂದು ನಿನಗೆ ಬರೆದಿದ್ದೆನಲ್ಲ, ಆ ಮಾತನ್ನು ನೀನು ಮರೆತುಬಿಡು.

ಈಗ ಇಂಗ್ಲಿಷ್ ತಾಸಿನ ಗಂಟೆ ಹೊಡೆದ ಕೂಡಲೇ ಸುರೇಖಾ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಏಳುತ್ತಾಳೆ. ಕಾಲು ಎಳೆಯುತ್ತ ನನ್ನ ಮುಂದೆ ಬಂದು ನಿಲ್ಲುತ್ತಾಳೆ. "ಹೋಗಲೇನ್ರಿ ಅಕ್ಕಾರ?" ಎಂದು ದಿನವೂ ಅಪ್ಪಣೆ ಕೇಳುತ್ತಾಳೆ. ನಾನು ಹೋಗು ಎನ್ನುವ ತನಕ ಹೋಗುವುದಿಲ್ಲ.

ಭುವಿ